ಕೆಳಗೆ ಜಾರುವ ಸ್ಕ್ರೂ

ಬೀದಿಯವರು ಅವಳನ್ನು ಸೂಜಿಮೆಣಸು ಎನ್ನುತ್ತಿದ್ದರು. ಆಳು ಕುಳ್ಳು, ಮಾತು ಖಾರ. ಬಾಗಿಲುಗಳ ಮೇಲೆ ಬಳ್ಳಿ, ಹಕ್ಕಿ ಕೆತ್ತುವುದು ಅಪ್ಪನಿಂದ ಬಂದ ಕಸುಬು. ಅವಳ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಜನ ಅಂದುಕೊಂಡಿದ್ದರು. ಹಾಗಿದ್ದಿದ್ದರೆ ಒಂದು ಸೀನಿಗೆ ಹಾರಿಹೋಗುತ್ತಿತ್ತು. ಅದು ಹೊಟ್ಟೆಯ ಆಳದಲ್ಲಿತ್ತು, ಮತ್ತು ಅಷ್ಟೂ ಅಕ್ಕನ ಗಂಡನ ಪಾಲಿನದ್ದಾಗಿತ್ತು.

ಅಪ್ಪ ಕಣ್ಣು ಮುಚ್ಚಿದ ಮೇಲೆ ಭಾವ ಮಾಡಿದ ಮೊದಲ ಕೆಲಸ ಅಪ್ಪನ ಮರಗೆಲಸದ ಕಾರ್ಖಾನೆಯ ಬೀಗ ಬದಲಾಯಿಸಿದ್ದು. ಎರಡನೆಯದು, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಒಂದು ಸಿಎನ್‌ಸಿ ರೂಟರ್ ತಂದು ಕೂರಿಸಿ, ಅಪ್ಪನ ಕೈಯಲ್ಲಿ ಹುಟ್ಟಿದ ಹಕ್ಕಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ, ತನ್ನದೇ ಎಂದು ಮಾರಲು ಶುರುಮಾಡಿದ್ದು. ಒಮ್ಮೆ ಗಿರಾಕಿಗಳ ಮುಂದೆಯೇ ನಗುತ್ತಾ ಹೇಳಿದ: "ಇವಳು ತಿಂಗಳುಗಟ್ಟಲೆ ಕುಟ್ಟೋದನ್ನ ನನ್ನ ಮೆಷಿನ್ನು ನಾನು ಚಾ ಕುಡಿದು ಬರೋದ್ರೊಳಗೆ ಉಗುಳತ್ತೆ."

ಅಂದೇ ಅವಳು ಹಲ್ಲು ಕಚ್ಚಿ ನಿರ್ಧರಿಸಿದಳು. ತನ್ನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ತನ್ನ ಕೈಯಿಂದಲೇ ಅಂಥದೊಂದು ಮೆಷಿನ್ನು ಕಟ್ಟಬೇಕು. ಹೊಸ ಗ್ರಂಥಾಲಯದ ಮುಂಬಾಗಿಲಿನ ಕೆಲಸಕ್ಕೆ ಅವಳೂ ಭಾವನೂ ಮಾದರಿ ಹಲಗೆ ಕೊಡಬೇಕಿತ್ತು. ಅದನ್ನು ಗೆದ್ದು, ಊರೆಲ್ಲ ಓಡಾಡುವ ಆ ಬಾಗಿಲ ಮೇಲೆ ಅಪ್ಪನ ಹಕ್ಕಿಗಳನ್ನು ಕೂರಿಸಬೇಕು. ಭಾವ ದಿನವೂ ಅದರ ಮುಂದೆ ಹಾದುಹೋಗಬೇಕು.

ಮೆಷಿನ್ನು ಕಟ್ಟುವುದು ಬಾಯಿಮಾತಲ್ಲ. ಮೊದಲು ಕಟ್ಟಡದ ಸಾಮಾನಿನ ಅಂಗಡಿಯಲ್ಲಿ ಸಿಗುವ ಮೈತುಂಬ ತಿರುಪು ಕೊರೆದ ಕಬ್ಬಿಣದ ಸರಳುಗಳನ್ನೇ ಸ್ಕ್ರೂ ಮಾಡಿಕೊಂಡಳು. ನಟ್ಟಿನೊಳಗೆ ಅವು ಲೊಡಲೊಡ ಎಂದವು. ದುಂಡಗೆ ಬರಬೇಕಾದ ಹಕ್ಕಿಯ ಕಣ್ಣು ಮೊಟ್ಟೆಯಂತೆ ಬಂತು. ಹಾಕಿದ ಸಣ್ಣ ಮೋಟರುಗಳೋ, ಸ್ವಲ್ಪ ಅವಸರ ಮಾಡಿದರೆ ಹೆಜ್ಜೆ ತಪ್ಪಿ, ಬಳ್ಳಿಯ ಎಲೆಯನ್ನು ಒಯ್ದು ಹಕ್ಕಿಯ ಬಾಲಕ್ಕೆ ಅಂಟಿಸುತ್ತಿದ್ದವು. ಅವಳು ಆ ಹಲಗೆಗಳನ್ನೆಲ್ಲ ಒಲೆಗೆ ಹಾಕಿದಳು. ಉರಿಯುವಾಗ ಪ್ರತಿಯೊಂದರಲ್ಲೂ ಭಾವನ ಮುಖ ಕಾಣುತ್ತಿತ್ತು.

ಹಳೆಯ ಮೆಷಿನ್ನುಗಳನ್ನು ಬಿಚ್ಚಿ ಮಾರುವ ಒಬ್ಬ ಮುದುಕನಿದ್ದ. ಎಲ್ಲರಿಗೂ ಅವನು ಗುಜರಿ ಮಾವ.

"ಮಾವ, ನನ್ನ ಭಾವನ ಮೆಷಿನ್ನಿಗಿಂತ ಜೋರಾಗಿ ಓಡಬೇಕು. ಅಂಥ ಸ್ಕ್ರೂ ಕೊಡಿ."

"ಜೋರಾಗಿ ಓಡೋದು ಬೇಕೋ, ಚೆನ್ನಾಗಿ ಕೆತ್ತೋದು ಬೇಕೋ?"

"ಜೋರಾಗಿ."

ಮಾವ ಬಾಲ್ ಸ್ಕ್ರೂಗಳನ್ನು ತೆಗೆದುಕೊಟ್ಟ. ಅವುಗಳ ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುತ್ತವೆ. ಬೆರಳಲ್ಲಿ ತಟ್ಟಿದರೂ ನಟ್ಟು ಸರ್ರನೆ ಓಡುತ್ತದೆ. ಅವಳು ದೊಡ್ಡ ಮೋಟರುಗಳನ್ನೂ ಹೊತ್ತು ತಂದು, ಉದ್ದಕ್ಕೆ, ಅಡ್ಡಕ್ಕೆ, ಮೇಲಕ್ಕೆ, ಎಲ್ಲ ಕಡೆಗೂ ಬಾಲ್ ಸ್ಕ್ರೂವನ್ನೇ ಹಾಕಿದಳು. ಮೆಷಿನ್ನು ಹುಚ್ಚು ಕುದುರೆಯಂತೆ ಓಡಿತು. ಹಕ್ಕಿಯ ಕಣ್ಣು ದುಂಡಗೆ ಬಂತು. ಖುಷಿಯಿಂದ ಸ್ವಿಚ್ ಆರಿಸಿದಳು. ಆರಿಸಿದ್ದೇ ತಡ, ಕೊರೆಯುವ ಬಿಟ್ ಹಿಡಿದು ತಿರುಗಿಸುವ ಭಾರದ ಸ್ಪಿಂಡಲ್ ಮೇಲಿನಿಂದ ಸರಕ್ಕನೆ ಜಾರಿ, ಆಗಷ್ಟೇ ಮುಗಿದ ಹಕ್ಕಿಯ ಎದೆಗೆ ಚುಚ್ಚಿ ನಿಂತಿತು.

"ಮತ್ತೆ ಇನ್ನೇನಾಗತ್ತೆ?" ಎಂದ ಗುಜರಿ ಮಾವ. "ಕರೆಂಟ್ ಇರೋ ತನಕ ಮೋಟರ್ ಹಿಡ್ಕೊಂಡಿರತ್ತೆ. ಹೋದ್ರೆ ಹಿಡಿಯೋರು ಯಾರು? ಬ್ರೇಕ್ ಇರೋ ಮೋಟರ್ ಹಾಕು. ಇಲ್ಲಾಂದ್ರೆ ಮೇಲಿಂದ ಕೆಳಗಿನ ಓಟಕ್ಕೆ ಈ ಲೀಡ್ ಸ್ಕ್ರೂ ತಗೋ. ಉಜ್ಜಿಕೊಂಡು ನಿಧಾನಕ್ಕೆ ಹೋಗತ್ತೆ, ಆದರೆ ಬಿಟ್ಟಲ್ಲೇ ಕೂತಿರತ್ತೆ."

ಅವಳು ಸ್ಪಿಂಡಲ್ ಎತ್ತಿಳಿಸುವ ಬಾಲ್ ಸ್ಕ್ರೂವೊಂದನ್ನು ಬಿಚ್ಚಿ ತಂದು ಹಿಂತಿರುಗಿಸಿ, ಲೀಡ್ ಸ್ಕ್ರೂವನ್ನು ಕಾಗದದಲ್ಲಿ ಸುತ್ತಿಸಿಕೊಳ್ಳುತ್ತಿದ್ದಳು. ಆಗಲೇ ಗುಜರಿ ಅಂಗಡಿಯ ಬಾಗಿಲಲ್ಲಿ ಭಾವನ ಹೊಟ್ಟೆ ಕಾಣಿಸಿತು, ಹಿಂದೆಯೇ ಭಾವ. ಅವನ ಸ್ಪಿಂಡಲ್ ಎತ್ತಿಳಿಸುವ ಸ್ಕ್ರೂ ಧೂಳು ತಿಂದು ಸವೆದಿತ್ತಂತೆ. ಮೇಜಿನ ಮೇಲಿದ್ದ ಬಾಲ್ ಸ್ಕ್ರೂವನ್ನು ಎತ್ತಿಕೊಂಡು ನೋಡಿದ.

"ಇದು ನೀನು ಬೇಡ ಅಂದಿದ್ದಾ?"

"ಹೌದು ಭಾವ. ಬಹಳ ಓಡತ್ತೆ. ನನ್ನಂಥವಳ ಕೈಲಿ ಸಂಭಾಳಿಸೋಕಾಗಲ್ಲ."

ಅವಳ ಬಾಯಿಂದ ಸೋಲಿನ ಮಾತು ಕೇಳಿ ಭಾವನ ಮೀಸೆ ಅರಳಿತು. "ಅದಕ್ಕೆಲ್ಲ ಗಂಡಸಿನ ಕೈ ಬೇಕು," ಎಂದು ಸ್ಕ್ರೂವನ್ನು ಕಂಕುಳಲ್ಲಿ ಇಟ್ಟುಕೊಂಡ. ಗುಜರಿ ಮಾವ "ಆದ್ರೆ ಬ್ರೇಕ್..." ಎಂದು ಬಾಯಿ ತೆರೆದ. ಅವಳು ಮೇಜಿನ ಕೆಳಗೆ ಅವನ ಕಾಲು ತುಳಿದಳು. ಮಾವ ಬ್ರೇಕಿನ ಬದಲು ಬೆಲೆ ಹೇಳಿದ. ಮನೆಗೆ ಬಂದವಳು ಲೀಡ್ ಸ್ಕ್ರೂ ಕೂರಿಸುತ್ತಾ ಬಹಳ ದಿನಗಳ ಮೇಲೆ ಹಾಡು ಗುನುಗಿದಳು. ಅವನ ಮಾದರಿ ಹಲಗೆ ತೂತಾಗಬೇಕು, ಅದೂ ಕೊನೆಯ ಗಳಿಗೆಯಲ್ಲಿ. ಅದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಹಲಗೆ ಕೊಡಬೇಕಾದ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು. ಗಂಡ ಹೊರಗೆ ಹೋದಾಗಲೆಲ್ಲ ಕದ್ದು ಮಾಡುವ ಫೋನು.

"ನಿಂದು ಮುಗೀತೇನೆ? ಇವರು ಬೆಳಿಗ್ಗೆ ಹೊಸ ಸ್ಕ್ರೂ ಹಾಕಿದ್ದಾರೆ. ಆಗಿಂದ ಮೆಷಿನ್ನು ಆರಿಸೇ ಇಲ್ಲ. ಇನ್ನು ಸಣ್ಣ ಬಿಟ್ ಹಾಕಿ ಗರಿ ಕೆತ್ತೋದೊಂದು ಬಾಕಿ."

"ಬಿಟ್ ಯಾರು ಬದಲಾಯಿಸ್ತಾರೆ?"

"ನಾನೇ ಕಣೆ. ಇವರ ದಪ್ಪ ಬೆರಳು ಅಲ್ಲಿ ಹೋಗಲ್ಲ. ನಂಗೋ ಭಯ, ಮೇನ್ ಸ್ವಿಚ್ ಆರಿಸದೆ ಕೆಳಗೆ ಕೈಯೇ ಇಡಲ್ಲ. ಅಯ್ಯೋ, ಬಂದ್ರು. ಇಡ್ತೀನಿ."

ಅವಳು ತಿರುಗಿ ಫೋನ್ ಮಾಡಿದಳು, ಅಕ್ಕ ಎತ್ತಲಿಲ್ಲ. ಕೈಗೆ ಸಿಕ್ಕ ಮರದ ತುಂಡೊಂದನ್ನು ಹಿಡಿದು ಬರಿಗಾಲಲ್ಲಿ ಓಡಿದಳು. ದಾರಿಯುದ್ದಕ್ಕೂ ಬೈದುಕೊಂಡಳು: ಭಾವನಿಗೆ ಅರ್ಧ, ತನಗೆ ಅರ್ಧ.

ಕಾರ್ಖಾನೆ ಹೊಕ್ಕಾಗ ಅಕ್ಕನ ಒಂದು ಕೈ ಸ್ವಿಚ್ಚಿನ ಮೇಲಿತ್ತು, ಇನ್ನೊಂದು ಸ್ಪಿಂಡಲ್ ಕಡೆಗೆ ಚಾಚಿತ್ತು.

"ಅಕ್ಕಾ, ಆರಿಸಬೇಡ."

ಅಕ್ಕ ಕೈ ಹಿಂದೆಗೆದಳು. ತಂಗಿ ಮರದ ತುಂಡನ್ನು ಸ್ಪಿಂಡಲ್ ಕೆಳಗೆ ಒತ್ತಿ ನಿಲ್ಲಿಸಿ, ಏದುಸಿರು ಬಿಡುತ್ತಾ ಹೇಳಿದಳು: "ಆ ಸ್ಕ್ರೂ ನಿಲ್ಲಲ್ಲ. ಕರೆಂಟ್ ಹೋದರೆ ಇದು ಬೀಳತ್ತೆ. ನಿನ್ನ ಕೈ ಉಳಿಯಲ್ಲ."

ಭಾವ ಬಾಗಿಲಿಗೆ ಒರಗಿ ನಕ್ಕ. "ನಾಳೆ ಸೋಲ್ತೀನಿ ಅಂತ ಭಯ ಇವಳಿಗೆ. ಕೆಲಸ ನಿಲ್ಲಿಸೋಕೆ ಕತೆ ಕಟ್ಟಿದಾಳೆ. ನೀನು ಆರಿಸಿ ಕೈ ಹಾಕೇ. ಬೀಳಲ್ಲ."

ಅಕ್ಕ ಅವನ ಕಡೆ ನೋಡಲಿಲ್ಲ. ತಂಗಿಯನ್ನು ಕೇಳಿದಳು: "ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಅದರ ಕೆಳಗೆ ನಿನ್ನ ಕೈ ಇರತ್ತೆ ಅಂತ ಗೊತ್ತಿರಲಿಲ್ಲ." ಅವಳಿಗೆ ಅಳು ಬಂತು. ಭಾವನ ಮುಂದೆ ಅಳಬೇಕಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ಇನ್ನೂ ಏನ್ ನೋಡ್ತಿದೀಯ?" ಭಾವ ಗದರಿದ. "ಹಾಕು ಅಂದ್ರೆ ಹಾಕು ಕೈ. ಹಲಗೆ ನಾಳೆ ಹೋಗಬೇಕು."

ಅಕ್ಕ ಹಲಗೆಯನ್ನು ನೋಡಿದಳು. ಅಪ್ಪನ ಹಕ್ಕಿ, ಕೆಳಗೆ ಮೂಲೆಯಲ್ಲಿ ಗಂಡನ ಹೆಸರು. ಆಮೇಲೆ ತನ್ನ ಸಣ್ಣ ಬೆರಳುಗಳನ್ನು ನೋಡಿಕೊಂಡಳು. ಸ್ಪಿಂಡಲ್ ಕೆಳಗಿನ ಮರದ ತುಂಡನ್ನು ಮೆಲ್ಲಗೆ ಎಳೆದು ತಂಗಿಯ ಕೈಗೆ ಕೊಟ್ಟಳು. ಒಂದು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಇನ್ನೊಂದರಿಂದ ಸ್ವಿಚ್ ಆರಿಸಿದಳು.

ಸ್ಪಿಂಡಲ್ ಸರಕ್ಕನೆ ಇಳಿದು, ಗಂಡನ ಹೆಸರಿನ ನಡುವೆ ಬಿಟ್ ನೆಟ್ಟುಕೊಂಡಿತು.

"ಬೀಳತ್ತೆ ರೀ," ಎಂದಳು ಅಕ್ಕ.