ಪಂಚಮಿಗೆ ಕರೆಯಲು ಬಂದ ಕಾರು

ಗಂಡಸರಿಗೆ ಎಂಜಿನ್ನು ಕಂಡರೆ ಹೊತ್ತು ಮರೆತುಹೋಗುತ್ತದೆ. ಇದನ್ನು ನಾನು ಮದುವೆಯಾದ ವರ್ಷವೇ ಕಲಿತೆ, ಅದೂ ಕಾರಿನ ಹಿಂದಿನ ಸೀಟಿನಲ್ಲಿ ಕೂತು.

ಎಪ್ಪತ್ತರ ದಶಕದ ನಡುವಿನ ಮಾತು. ತವರು ತಿಕೋಟಾ, ಕೊಟ್ಟ ಮನೆ ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿ. ಬಸ್ಸು ಹತ್ತಿದರೆ ಎಲೆ ಅಡಿಕೆ ಜಗಿದು ಮುಗಿಯುವಷ್ಟರಲ್ಲಿ ಬರುವ ಊರು, ಆದರೂ ಯುಗಾದಿಯಿಂದ ನಾನು ಅತ್ತ ಮುಖ ಹಾಕಿರಲಿಲ್ಲ. ಹೊಸ ಸೊಸೆ ಮೊದಲ ನಾಗರ ಪಂಚಮಿಗೆ ತವರಿಗೆ ಹೋಗಬೇಕು, ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಸಂಜೆ ದೀಪ ಹಚ್ಚಿದ ಮೇಲೆ ಸೊಸೆಯನ್ನು ಮನೆಯಿಂದ ಕಳಿಸಬಾರದು, ಲಕ್ಷ್ಮಿ ಹೋದಂತೆ ಎನ್ನುವುದೂ ಅದೇ ಪದ್ಧತಿ. ಮರುದಿನವೇ ಹಬ್ಬ, ಹಬ್ಬದ ದಿನವಂತೂ ಕಳಿಸುವ ಮಾತೇ ಇಲ್ಲ. ಅಂದು ದೀಪಕ್ಕೆ ಮೊದಲು ಹೊರಟರೆ ನನಗೆ ಪಂಚಮಿ, ಇಲ್ಲವಾದರೆ ಅಡುಗೆಮನೆ.

ಅಣ್ಣ ಊಟದ ಹೊತ್ತಿಗೇ ಬಂದ. ಬಸ್ಸಿನಲ್ಲಿ ಬಂದಿದ್ದರೆ ನನ್ನ ಪುಣ್ಯ. ಆ ವರ್ಷ ಕೊಂಡ ಸಣ್ಣ ಕಾರು ತಂದಿದ್ದ. ಕಾಳಿನ ವ್ಯಾಪಾರದ ನನ್ನ ಮಾವನ ಬಳಿ ಗುಂಡು ಮೈಯ ದೊಡ್ಡ ಕಾರಿತ್ತು. ಅದರಲ್ಲಿ ಮನೆ ಮಂದಿಯೂ ಹೋಗಬೇಕು, ಜೋಳದ ಚೀಲವೂ ಹೋಗಬೇಕು. ಗಂಡ ವ್ಯಾಪಾರಕ್ಕೆಂದು ಪರವೂರಿಗೆ ಹೋಗಿದ್ದರು. ನಾನು ಟ್ರಂಕು ಪಕ್ಕಕ್ಕಿಟ್ಟುಕೊಂಡು ಅಣ್ಣನ ಕಾರಿನಲ್ಲಿ ಕೂತೂ ಆಗಿತ್ತು. ಅಷ್ಟರಲ್ಲಿ ಮಾವ ಹೊರಬಂದು ಬಾನೆಟ್ ಎತ್ತಿಸಿದರು.

"ಎಂಜಿನ್ ಸಣ್ಣದೈತಿ ತಮ್ಮಾ. ಏರಿನ್ಯಾಗ ಜಗ್ಗೂದಿಲ್ಲ."

"ಜಗ್ಗತೈತ್ರಿ ಮಾವಾರ. ಗೇರ್ ಅಂತೂ ಬೆಣ್ಯಾಗ ಬೆರಳ ಇಟ್ಟಂಗ ಬೀಳತಾವ. ನಿಮ್ಮದು ಕರ್ ಅಂತೈತಲ್ರಿ."

"ಅಂದ್ರ ಅನ್ಲಿ ಬಿಡು. ನಾ ಟಾಪ್ ಗೇರಿನ್ಯಾಗ ಏರ ಹತ್ತಸ್ತೇನಿ. ನಿನಗ ಗೇರ್ ಇಳಸಬೇಕಾಗತೈತಿ, ನೋಡ ಬೇಕಾರ."

ನೋಡುವುದೆಂದೇ ಗೊತ್ತಾಯಿತು. ತಿಕೋಟಾ ದಾರಿಯಲ್ಲೇ ನೋಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಒಳ್ಳೆಯ ಏರು ಇರುವುದು ಬಬಲೇಶ್ವರ ದಾರಿಯಲ್ಲಂತೆ. ಎರಡೂ ಕಾರಿನಲ್ಲಿ ಭಾರ ಸಮ ಇರಬೇಕು, ಇಲ್ಲದಿದ್ದರೆ ನ್ಯಾಯ ಆಗುವುದಿಲ್ಲವಂತೆ. ಮಾವ ತಮ್ಮ ಕಾರಿಗೆ ಒಂದು ಚೀಲ ಜೋಳ ಹೇರಿಸಿದರು. ಅಣ್ಣ ಇನ್ನೊಂದು ಚೀಲಕ್ಕಾಗಿ ಅತ್ತಿತ್ತ ನೋಡಿದ. ಮಾವ ಕಿಟಕಿಯಲ್ಲಿ ಬಗ್ಗಿ ನನ್ನನ್ನು ನೋಡಿದರು.

"ಇಕಿ ಅದಾಳಲ್ಲ. ಚೀಲದಷ್ಟ ಆಗತಾಳ."

ಅಣ್ಣ ನಕ್ಕ. ನನ್ನ ಒಡಹುಟ್ಟಿದ ಅಣ್ಣ. ಮಾವನ ಎದುರು ಸೊಸೆ ಬಾಯಿ ತೆರೆಯುವಂತಿಲ್ಲ, ಸೆರಗಿನೊಳಗೇ ಹಲ್ಲು ಕಡಿದೆ. ಕಾರು ಹೊರಟ ಮೇಲೆ, "ಅಣ್ಣಾ, ಹೊತ್ತ ಮುಳಗಿದ್ರ ನನ್ನ ಬಿಡೂದಿಲ್ಲೋ" ಎಂದೆ. "ಈಗ ಹೋಗಿ ಈಗ ಬರೂಣು, ಸುಮ್ಮ ಕುಂಡ್ರವಾ" ಎಂದ.

ದೊಡ್ಡ ಕಾರು ಏರಿನಲ್ಲಿ ಗೊರಗೊರ ಎನ್ನುತ್ತಾ, ತುಂಬಿದ ಬಸುರಿಯ ನಡಿಗೆಯಲ್ಲಿ, ಗೇರು ಬದಲಿಸದೆಯೇ ತುದಿ ಮುಟ್ಟಿತು. ನಮ್ಮದು ಅರ್ಧಕ್ಕೆ ನಡುಗತೊಡಗಿತು. ಅಣ್ಣ ಸ್ಟೇರಿಂಗಿನ ಬಗಲಿನ ಗೇರಿನ ಹಿಡಿಯನ್ನು ಇಳಿಸಿದ, ಸದ್ದೇ ಇಲ್ಲದೆ ಬಿತ್ತು, ಕಾರು ಚಿಗರಿಯಂತೆ ಮೇಲೆ ಹೋಯಿತು. ಗೆದ್ದವರು ಯಾರು? ಮಾವ ತಾವೆಂದರು, ಅಣ್ಣ ತಾನೆಂದ. ಕಾರು ಅದಲು ಬದಲು ಮಾಡಿ ಮತ್ತೆ ಹತ್ತಿಸಿದರು. ಚೀಲ ಇದ್ದ ಕಾರಿನಲ್ಲೇ ಉಳಿಯಿತು, ನಾನೂ ಉಳಿದೆ. ಈಗ ಮಾವನ ಬೆನ್ನ ಹಿಂದೆ ಉಸಿರು ಹಿಡಿದು ಕೂರಬೇಕಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಚೀಲವನ್ನು ಯಾರಾದರೂ ಕೇಳುತ್ತಾರೆಯೇ. ಆಮೇಲೆ ದೊಡ್ಡ ಕಾರಿನ ರೇಡಿಯೇಟರ್ ಕುದಿಯಿತು. ಅದು ಆರುವವರೆಗೆ ಇಬ್ಬರೂ ಬೇವಿನ ಗಿಡದ ಕೆಳಗೆ ನಿಂತು ಕ್ಲಚ್ಚಿನ ಮಾತಾಡಿದರು. ಬಿತ್ತಿದ ಹೊಲದ ಮೇಲೆ ಹೊತ್ತು ಇಳಿಯುತ್ತಿತ್ತು. ಬಾಗಿಲು ತೆಗೆದು ಓಡಿಬಿಡಲೇ ಅನಿಸಿತು. ಓಡಿ ಹೋಗುವುದೆಲ್ಲಿಗೆ? ತಿಕೋಟಾ ಇನ್ನೊಂದು ದಿಕ್ಕಿಗೆ. ಅಳು ಬಂತು, ಅತ್ತುಬಿಟ್ಟೆ.

ಅತ್ತೆಗೆ ಹೇಳದೆ ನಡುದಾರಿಯಿಂದಲೇ ತವರಿಗೆ ಹೋಗುವಂತಿರಲಿಲ್ಲ. ಓಣಿಗೆ ಮರಳಿದಾಗ ಕತ್ತಲಾಗಿತ್ತು. ಅಕ್ಕಪಕ್ಕದ ಮನೆಗಳಲ್ಲೆಲ್ಲ ದೀಪ ಉರಿಯುತ್ತಿತ್ತು. ಮುಗಿಯಿತು ನನ್ನ ಪಂಚಮಿ ಎಂದುಕೊಂಡು ಟ್ರಂಕಿನ ಹಿಡಿಗೆ ಕೈ ಹಾಕಿದೆ. ನಮ್ಮ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮದುವೆಯಾದಾಗಿನಿಂದ ನನ್ನೊಡನೆ ಉಪ್ಪು ಖಾರದ ಮಾತು ಬಿಟ್ಟರೆ ಬೇರೆ ಆಡದ ಹೆಂಗಸು.

"ಇಳೀಬ್ಯಾಡ" ಎಂದರು. "ದೀಪ ಹಚ್ಚಿಲ್ಲ ನಾ ಇನ್ನಾ."

ಆಗ ನೋಡಿದೆ. ಪಡಸಾಲೆಯ ಲೈಟೂ ಹಾಕಿರಲಿಲ್ಲ. ಮಾವ ತಮ್ಮ ಕಾರಿನಿಂದ ಇಳಿದು ಬಂದರು. "ಕತ್ತಲಾಗಿ ಎಷ್ಟೊತ್ತಾತು. ಯಾಕ ಹಚ್ಚಿಲ್ಲ?"

ಅತ್ತೆ ಅವರ ಕಡೆ ತಿರುಗಲಿಲ್ಲ. ನನಗೇ ಹೇಳಿದರು.

"ನನ್ನ ಮೊದಲ್ನೇ ಪಂಚಮಿಗೆ ನಮ್ಮಣ್ಣ ಬಂಡಿ ಕಟಗೊಂಡ ಬಂದಿದ್ದ ಬೇ. ಇವರೆಲ್ಲಾ ಕೂಡಿ ಯಾರ ಎತ್ತ ಜಾಸ್ತಿ ಜಗ್ಗತಾವ ಅಂತ ನೋಡಕೋತ ಹೊತ್ತ ಮುಳಗಿಸಿದ್ರು. ನಮ್ಮತ್ತಿ ದೀಪ ಹಚ್ಚಿಬಿಟ್ಟಳು. ನಾ ಬಂಡಿ ಇಳದ ಒಳಗ ಹೋದ್ನಿ."

ಮಾವ ಕೆಮ್ಮಿದರು. ಅತ್ತೆ ಅಣ್ಣನಿಗೆ, "ಗಾಡಿ ಬಿಡೋ ತಮ್ಮಾ. ಎಷ್ಟೊತ್ತಂತ ಹಿಂಗ ನಿಂದರ್ಲಿ ನಾ" ಎಂದರು.

ಅಣ್ಣ ಗೇರು ಹಾಕಿದ. ನಾನು ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದೆ. ನಮ್ಮ ಕಾರು ಓಣಿಯ ತಿರುವು ದಾಟುವವರೆಗೂ ಆ ಮನೆ ಕತ್ತಲಾಗಿಯೇ ಇತ್ತು.