ಆಪಾ ಬರುವ ಮೊದಲೇ ಎತ್ತಿದ ಜನಾಜಾ

ಆಪಾ ಕೂತಿದ್ದ ವಿಮಾನವನ್ನು ಒಬ್ಬ ಪಿಸ್ತೂಲು ತೋರಿಸಿ ಹಿಡಿದಿಟ್ಟುಕೊಂಡ. ಯುದ್ಧದಲ್ಲಿ ಸಿಕ್ಕಿಬಿದ್ದ ಯಾವುದೋ ಊರಿನ ಮಕ್ಕಳಿಗೆ ಔಷಧಿ ಕಳಿಸಿ, ಆಮೇಲೆ ಇವರನ್ನು ಬಿಡುತ್ತೇನೆ ಎಂದ. ಆಪಾ ಎಂದರೆ ನನ್ನ ಅಕ್ಕ, ಕೊಲ್ಲಿ ದೇಶದಲ್ಲಿ ನರ್ಸು. ಅಮ್ಮಿಗೆ ಕಾಯಿಲೆ ವಿಪರೀತವಾಗಿದೆ ಎಂದು ಹೊರಟವಳು ಹತ್ತುವ ಮೊದಲು ಫೋನ್ ಮಾಡಿದ್ದಳು: "ಏನೇ ಆಗ್ಲಿ, ನಾನು ಬರೋವರೆಗೂ ಜನಾಜಾ ಎತ್ತಬೇಡ." ಹೂಂ ಅಂದಿದ್ದೆ.

ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಮ್ಮಿ ಹೋದಳು. ಭದ್ರಾವತಿಗೆ, ನ್ಯೂ ಟೌನಿನ ಮನೆಗೆ ತಂದೆವು. ನಮ್ಮಲ್ಲಿ ಮಣ್ಣು ಮಾಡಲು ತಡ ಮಾಡುವುದಿಲ್ಲ. ಹೆಂಗಸರು ಖಬರಸ್ತಾನಕ್ಕೆ ಬರುವುದೂ ಇಲ್ಲ. ಮುಖ ನೋಡುವುದಿದ್ದರೆ ಮನೆಯಲ್ಲೇ, ಶವ ಹೊತ್ತ ಜನಾಜಾ ಎತ್ತುವ ಮೊದಲು.

ಟಿವಿಯಲ್ಲಿ ನಿಂತ ವಿಮಾನ. ಬಿಡುಗಡೆಗೆ ಎರಡು ದಿನ ಹಿಡಿಯಬಹುದು ಎಂದು ಟಿವಿಯವರು ಹೇಳಿದರು. ಹೇಳಿದರೇ? ನಾನೇ ಹೇಳಿದೆನೇ? ಕತೆಯ ಈ ಜಾಗಕ್ಕೆ ಬಂದಾಗೆಲ್ಲ ನೆನಪು ನನ್ನ ಪಕ್ಷ ವಹಿಸುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ. ಅಮ್ಮಿಯ ತಮ್ಮ, ನಮ್ಮ ಮಾಮು ಅಂದದ್ದು ಮಾತ್ರ ಸ್ಪಷ್ಟ: "ಮಗ ನೀನು. ನೀನ್ ಹೇಳ್ದಂಗೆ."

ಸಂಜೆಯ ಅಸರ್ ನಮಾಜಿನ ನಂತರ ಎತ್ತೋಣ ಅಂದೆ. ಮಣ್ಣು ಹಾಕಿ ವಾಪಸಾಗುವಾಗ ಫೋನ್ ಬಂತು. ಆಪಾ ವಿಮಾನದಿಂದ ಇಳಿದಿದ್ದಳು.

ಮಾರನೆಯ ಬೆಳಿಗ್ಗೆ ಬಂದು ಬರಿದಾದ ಮಂಚದ ಎದುರು ನಿಂತಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಎದುರುಮನೆಯ ರಿಟೈರ್ಡ್ ಫಿಟ್ಟರ್ ಕ್ಯಾರಿಯರಿನಲ್ಲಿ ಇಡ್ಲಿ ತಂದಿದ್ದರು. ಸುಮ್ಮನಿರಲಾಗದೆ ಅಂದರು: "ಏನೇ ಹೇಳು, ವಿಮಾನ ಹಿಡಿದ ಆ ಮನುಷ್ಯ ದೇವ್ರು ಮಾರಾಯ. ಮಕ್ಕಳಿಗೆ ಔಷಧಿ ಹೋಯ್ತಂತೆ."

"ದೇವ್ರಂತೆ! ಅಮ್ಮಿ ಮುಖ ತಪ್ಪಿಸಿದ ಹರಾಮಿ ಅವ್ನು!" ಎಂದು ರೇಗಿದೆ ನಾನು.

"ಅವ್ನನ್ನ ಬಯ್ಬೇಡ," ಎಂದಳು ಆಪಾ. "ಅಮ್ಮಿಗೆ ಜೀವ ಹೋಗ್ತಿದೆ ಅಂತ ಬೇಡ್ಕೊಂಡೆ. ಎಲ್ರಿಗಿಂತ ಮೊದ್ಲು ನನ್ನ ಇಳ್ಸಿದ. ಅವ್ನ ಕೈಯಲ್ಲಿ ಪಿಸ್ತೂಲ್ ಇತ್ತು. ನಿನ್ ಕೈಯಲ್ಲಿ ಏನಿತ್ತೋ?"

"ಒಂದು ರಾತ್ರಿ ಹೆಂಗೆ ಇಟ್ಕೊಳ್ಳೋದು, ಈ ಸೆಕೆಯಲ್ಲಿ?"

ಫಿಟ್ಟರ್ ಸಮಾಧಾನ ಮಾಡುವವರಂತೆ ನಡುವೆ ಬಾಯಿ ಹಾಕಿದರು: "ನಾನು ಫ್ರೀಜರ್ ಪೆಟ್ಟಿಗೆ ತರಿಸ್ತೀನಿ ಅಂದೆ ಕಣಮ್ಮ. ಬೇಡ ಅಂದ ಇವ್ನು."

ಇದು ನನಗೆ ನೆನಪೇ ಇಲ್ಲ. ಅಂದಿರಬೇಕು. ಸುಳ್ಳು ಹೇಳುವ ಮನುಷ್ಯನಲ್ಲ ಅವರು.

ಆಪಾ ಇಡ್ಲಿ ಮುಟ್ಟಲಿಲ್ಲ. ಬಿಚ್ಚದ ಸೂಟ್‌ಕೇಸ್ ಎತ್ತಿಕೊಂಡು ಶಿವಮೊಗ್ಗಕ್ಕೆ, ಮಾಮುವಿನ ಮನೆಗೆ ಹೊರಟಳು. ಮೂರನೇ ದಿನದ ಫಾತೆಹಾ ಪ್ರಾರ್ಥನೆ ಅಲ್ಲೇ ಮಾಡಿಸಿದಳು. ಕರೆಯದಿದ್ದರೂ ಹೋದೆ. ನನ್ನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿ, ಒಳಗೆ ಕೂತಿದ್ದ ಹೆಂಗಸರ ಕಡೆ ತಿರುಗಿದಳು.

"ನೋಡ್ಕೊಳ್ಳಿ," ಎಂದಳು. "ಕಾಯದೇ ಇದ್ದೋನು ಇವ್ನೇ."