ಶಂಕ್ರೆಪ್ಪ ಅಳೆದ ಕಪ್ಪು

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮುತ್ತುವಿನ ಫೋಟೊ ಸ್ಟುಡಿಯೊ. ಅಲ್ಲಿ ಮದುವೆ ಆಲ್ಬಮ್ಮುಗಳಿಗೆ ಬಣ್ಣ ತಿದ್ದುವ ಕುರ್ಚಿ ಎಂದರೆ ಶಂಕ್ರೆಪ್ಪನದು. ಶಾಲೆ ಬಿಟ್ಟು ತಿಕೋಟಾದಿಂದ ಬಸ್ಸು ಹತ್ತಿ ಬಂದು, ಮುತ್ತುವಿನ ಅಪ್ಪನ ಕತ್ತಲ ಕೋಣೆಯಲ್ಲಿ ಫೋಟೊ ತೊಳೆಯುತ್ತ ಕೈ ಪಳಗಿಸಿಕೊಂಡವನು. ಕಂಪ್ಯೂಟರನ್ನೂ ಯಾರಿಂದಲೂ ಹೇಳಿಸಿಕೊಂಡು ಕಲಿಯಲಿಲ್ಲ, ಗುದ್ದಾಡಿ ದಾರಿಗೆ ತಂದ. ಆ ಗರ್ವವೆಲ್ಲ ನಾಲಿಗೆಗೆ ಇಳಿದಿತ್ತು. ಹೊಸದಾಗಿ ಸೇರಿದ ಅನುಜಾ ಒಮ್ಮೆ ಸೀರೆಯ ಬಣ್ಣ ಕೆಡಿಸಿದಾಗ, "ಮುಖದಾಗ ಕಣ್ಣ ಅದಾವೊ, ಗುಂಡಿ ಹೊಲಿದಾರೊ?" ಎಂದು ಗಿರಾಕಿಗಳೆದುರೇ ಅವಳು ಅಳುವವರೆಗೂ ಬಿಟ್ಟಿರಲಿಲ್ಲ.

ಈ ಸಲ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯ ಮನೆಯ ಆಲ್ಬಮ್ ಅಚ್ಚಾಗಿ ಬಂದಾಗ ಮದುಮಗಳ ಮುಖ ರೊಟ್ಟಿ ಹಂಚಿನ ತಳದಂತಿತ್ತು. ವ್ಯಾಪಾರಿ ಅದನ್ನು ಮುತ್ತುವಿನ ಮುಂದೆ ಒಗೆದು ಹೋದ. ಹೀಗಾದದ್ದು ಮೊದಲನೆಯ ಸಲವಲ್ಲ.

"ಕಾಕಾ, ಕಣ್ಣ ಹ್ವಾದುವೇನ್ರಿ?" ಎಂದ ಮುತ್ತು.

"ನನ್ನ ಕಣ್ಣಲ್ಲೋ, ನಿನ್ನ ಮಾನಿಟರ್ ಹೋಗೇತಿ! ಕಪ್ಪು ಕಪ್ಪಾಗಿ ಕಾಣವಲ್ದು, ಹಾಲು ಬಳದಂಗ ಕಾಣತೈತಿ. ಅದಕ್ಕ ನಾ ಕಪ್ಪು ಏರಸ್ತೇನಿ. ಕ್ಯಾಮೆರಾ ಹಚ್ಚಿ ಅಳದು ತೋರಸ್ಲೇನ?"

"ತೋರಸ್ರಿ. ಕೆಟ್ಟಿದ್ರ ಹೊಸಾದು ತರ್ತೇನಿ. ಕೆಟ್ಟಿಲ್ಲಂದ್ರ ಕುರ್ಚಿ ಅನುಜಾಗ."

"ಆತು ತಗೋ."

ಕಿಟಕಿ ಮುಚ್ಚಿ, ಕೋಣೆಯ ದೀಪ ಆರಿಸಿ, ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿದರು. ಶಂಕ್ರೆಪ್ಪ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿದ. ಮಾನಿಟರಿನ ಪರದೆ ತುಂಬ ಬಿಳುಪು ಹಾಕಿ ಒಂದು ಫೋಟೊ, ಕಪ್ಪು ಹಾಕಿ ಇನ್ನೊಂದು. ಬೇರೇನನ್ನೂ ಮುಟ್ಟದೆ, ಎರಡೂ ಒಂದೇ ಬೂದು ಬಣ್ಣಕ್ಕೆ ಬರುವಂತೆ ಕ್ಯಾಮೆರಾದ ಶಟರ್ ತೆರೆದಿರುವ ಹೊತ್ತನ್ನಷ್ಟೇ ಹೊಂದಿಸಬೇಕು. ಬಿಳುಪಿಗಿಂತ ಕಪ್ಪಿಗೆ ಎಷ್ಟು ಪಟ್ಟು ಹೊತ್ತು ಹಿಡಿಯಿತೋ ಅಷ್ಟು ಆ ಪರದೆಯ ಕಾಂಟ್ರಾಸ್ಟ್, ಅಂದರೆ ಬಿಳುಪು-ಕಪ್ಪಿನ ನಡುವಿನ ಅಂತರ. ಒಳ್ಳೆಯದಾದರೆ ಸಾವಿರದ ಹತ್ತಿರ ಬರಬೇಕು.

ಬಂದದ್ದು ಅರವತ್ತು.

"ಇದು ಮಾನಿಟರಲ್ಲೋ, ತಗಡು!" ಎಂದು ಶಂಕ್ರೆಪ್ಪ ತೊಡೆ ತಟ್ಟಿದ.

"ಕಾಕಾ," ಎಂದಳು ಅನುಜಾ, "ದೇವ್ರ ದೀಪಾ ಉರೀಲಿಕ್ಕತ್ತದಲ್ರಿ. ಅದರ ಬೆಳಕು ಪರದೀ ಮ್ಯಾಲೆ ಬಿದ್ದದ."

ಹಿಂದಿನ ಗೂಡಿನಲ್ಲಿ ಸಿದ್ಧೇಶ್ವರನ ಪಟದ ಮುಂದೆ ಕೆಂಪು ಬಲ್ಬು. ಮುತ್ತುವಿನ ಅಪ್ಪ ಹಚ್ಚಿದ ಅದನ್ನು ಅಂಗಡಿ ತೆರೆದಂದಿನಿಂದ ಯಾರೂ ಆರಿಸಿರಲಿಲ್ಲ. ಹಾಗಾಗಿ ಅದೂ ಒಂದು ಬೆಳಕೆಂಬುದು ಶಂಕ್ರೆಪ್ಪನಿಗೆ ಹೊಳೆದೇ ಇರಲಿಲ್ಲ.

"ಅದನ್ನ ಆರಸಬಾರದೋ, ನಿಮ್ಮಪ್ಪ ಹಚ್ಚಿದ್ದು!"

ಮುತ್ತು ಪಟಕ್ಕೆ ಕೈಮುಗಿದು ಪ್ಲಗ್ ಕಿತ್ತ. "ಅಪ್ಪ ಸತ್ತಾಗೂ ಆರಸಿದ್ದಿಲ್ರಿ ಕಾಕಾ. ನಿಮ್ಮ ಸಲುವಾಗಿ ಆರಸೇನಿ. ಅಳೀರಿ ಈಗ."

ಅಳೆದ. ಕಪ್ಪು ಬೂದಾಗಲು ಶಟರ್ ಬಹಳ ಹೊತ್ತು ತೆರೆದೇ ಇತ್ತು. ಸಾವಿರ. ಮತ್ತೊಮ್ಮೆ ಅಳೆದ. ಮತ್ತೂ ಸಾವಿರ.

ಮುತ್ತು ದೇವರ ದೀಪ ಮತ್ತೆ ಹಚ್ಚಿದ. ಶಂಕ್ರೆಪ್ಪ ಕಣ್ಣು ಕಿರಿದು ಮಾಡಿ ಅದನ್ನೇ ದುರುಗುಟ್ಟಿದ. "ಬಲ್ಬು ಸಣ್ಣದಾದ್ರೂ ಅದರ ಸುತ್ತಿನ ಬೆಳಕಿನ ಉಂಗುರ ತಾಟಿನಷ್ಟ ಐತಿ. ಅಷ್ಟು ಬೆಳಕ ಇದ್ರ ಲೆಕ್ಕ ತಪ್ಪದ ಏನಾದೀತು?"

"ಯಾವ ಉಂಗುರ್ರಿ?" ಮುತ್ತು ಅನುಜಾಳತ್ತ ತಿರುಗಿದ. "ನಿನಗ ಕಾಣತೈತೇನ?"

"ಇಲ್ರಿ." ತಡೆದುಕೊಂಡಿದ್ದ ನಗು ಅವಳ ಬಾಯಿಂದ ಜಾರಿತು. ಅವನ ಧಾಟಿಯಲ್ಲೇ ಅಂದಳು: "ಕಾಕಾ, ಮುಖದಾಗ ಕಣ್ಣ ಅದಾವೊ, ಗುಂಡಿ ಹೊಲಿದಾರೊ?"

ಮುತ್ತು ಹೊಟ್ಟೆ ಹಿಡಿದುಕೊಂಡು ನಕ್ಕ. ಶಂಕ್ರೆಪ್ಪ ಎದ್ದು ನಿಂತ. ಅನುಜಾ ಕೋಣೆಯ ದೀಪ ಹಚ್ಚಿ, ಕುರ್ಚಿಯ ಧೂಳು ಕೊಡವಿ ಕೂತಳು.

"ಶಂಕ್ರೆಪ್ಪಾ," ಎಂದ ಮುತ್ತು, ಕಾಕಾ ಅನ್ನಲಿಲ್ಲ. "ಬಾಗಲದ ಬಟ್ಟಿ ಬಿಚ್ಚು. ಹೊರಗ ಗಿರಾಕಿ ನಿಂತಾರ."

ಬಟ್ಟೆ ಕಟ್ಟಿದ ಮೊಳೆ ಎಲ್ಲಿದೆಯೆಂದು ಅವನು ಗೋಡೆಯ ಮೇಲೆ ಕೈಯಾಡಿಸತೊಡಗಿದ.